ಕಾಳು ನೆನೆಹಾಕುವವರು ಯಾರು? ಇಬ್ಬರೂ ದುಡಿಯುವ ಮನೆಯಲ್ಲಿ ಅಡುಗೆ ಹಂಚಿಕೊಳ್ಳುವ ಬಗೆ

ಬೆಳಿಗ್ಗೆ ಅಲಸಂದೆಕಾಳಿನ ಹುಳಿ ಆಗಬೇಕಾದರೆ ಹಿಂದಿನ ರಾತ್ರಿ ಹತ್ತು ಗಂಟೆಗೆ ಅದು ಯಾರಿಗಾದರೂ ನೆನಪಾಗಿರಬೇಕು. ಕನ್ನಡದಲ್ಲಿ ಕಾಳು ನೆನೆಯುವುದಕ್ಕೂ ಮನಸ್ಸು ನೆನೆಯುವುದಕ್ಕೂ ಮಾತು ಒಂದೇ. ಅಡುಗೆಮನೆಯ ಮಟ್ಟಿಗಂತೂ ಎರಡೂ ಒಂದೇ ಕೆಲಸ. "ನಾನೂ ಅಡುಗೆ ಮಾಡ್ತೀನಿ" ಎನ್ನುವ ಎಷ್ಟೋ ಗಂಡಂದಿರು ಈರುಳ್ಳಿ ಹೆಚ್ಚಿಕೊಡುತ್ತಾರೆ, ಕಾಯಿ ತುರಿದುಕೊಡುತ್ತಾರೆ, ಮೂರು ಕೂಗಾದ ಮೇಲೆ ಕುಕ್ಕರ್ ಆರಿಸುತ್ತಾರೆ. ಕಾಳು ನೆನೆಹಾಕುವುದು, ಹಿಟ್ಟು ರುಬ್ಬಿಡುವುದು, ಹಾಲಿಗೆ ಹೆಪ್ಪು ಹಾಕುವುದು, ಹುಣಸೆಹಣ್ಣು ಮುಗಿಯುತ್ತ ಬಂತೆಂದು ಗಮನಿಸುವುದು, "ನಾಳೆ ಏನು ಮಾಡೋದು" ಎಂದು ತಲೆ ಕೆಡಿಸಿಕೊಳ್ಳುವುದು ಮಾತ್ರ ಹೆಂಡತಿಯ ಪಾಲಿಗೇ ಉಳಿದಿರುತ್ತದೆ. ಕೈ ಕೆಲಸ ಹಂಚಿಕೆಯಾಗಿ ತಲೆ ಕೆಲಸ ಒಬ್ಬರ ಮೇಲೇ ಬಿದ್ದರೆ ಅದು ಹಂಚಿಕೆಯಲ್ಲ, ಸಹಾಯ. ಸಹಾಯ ಮಾಡುವವರು ಯಾವತ್ತು ಬೇಕಾದರೂ ಕೈ ಬಿಡಬಹುದು.

2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಹೆಂಗಸರಲ್ಲಿ ನೂರಕ್ಕೆ 81 ಮಂದಿ ಆ ಕೆಲಸಕ್ಕೆ ಕೈ ಹಾಕುತ್ತಾರೆ, ಗಂಡಸರಲ್ಲಿ ಸುಮಾರು 26 ಮಂದಿ. ಇದು ಗಡಿಯಾರ ಅಳೆದ ಲೆಕ್ಕ ಮಾತ್ರ. "ನಾಳೆ ಏನು" ಎಂಬ ಯೋಚನೆ ಬಸ್ಸಿನಲ್ಲಿ ಕೂತಾಗಲೂ ಓಡುತ್ತಿರುತ್ತದೆ, ಅದು ಈ ಲೆಕ್ಕಕ್ಕೆ ಸೇರಿಲ್ಲ.

ಇಬ್ಬರೂ ಕೆಲಸಕ್ಕೆ ಹೋಗುವ, ಬೆಳಿಗ್ಗೆ ಡಬ್ಬಿ ಕಟ್ಟಬೇಕಾದ, ಅನ್ನ-ಸಾರು-ಪಲ್ಯದ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಅಳತೆಗಳೆಲ್ಲ ಇಬ್ಬರಿಗೆ. ಲೋಟ ಎಂದರೆ 200 ಮಿಲಿ ಹಿಡಿಯುವ ಸ್ಟೀಲ್ ಲೋಟ, ಚಮಚ ಎಂದರೆ 5 ಮಿಲಿಯ ಟೀ ಚಮಚ.

ಮೊದಲು ಒಂದು ವಾರ ಬರೆದಿಡಿ

ಹಂಚಿಕೆಯ ಮಾತು ಎತ್ತುವ ಮೊದಲು ಏನನ್ನು ಹಂಚಬೇಕು ಎಂಬುದು ಇಬ್ಬರಿಗೂ ಕಾಣಬೇಕು. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ದಾರ ಕಟ್ಟಿ ಪೆನ್ನು ತೂಗುಹಾಕಿ. ದಾರ ಇಲ್ಲದಿದ್ದರೆ ಪೆನ್ನು ಎರಡೇ ದಿನಕ್ಕೆ ಮಾಯ. ಅಡುಗೆಗೆ ಸಂಬಂಧಿಸಿದ ಯಾವುದೇ ಕೆಲಸ ಮಾಡಿದಾಗ ಒಂದು ಸಾಲು ಬರೆಯಿರಿ, ಪಕ್ಕದಲ್ಲಿ ಹೆಸರಿನ ಮೊದಲ ಅಕ್ಷರ ಹಾಕಿ. ನಿಮಿಷ ಬರೆಯಬೇಡಿ. ಬರೆದರೆ ಮೂರನೇ ದಿನಕ್ಕೆ ಅದು ಕೋರ್ಟಿನ ದಾಖಲೆಯಾಗುತ್ತದೆ.

ವಾರದ ಕೊನೆಗೆ ಆ ಹಾಳೆಯಲ್ಲಿ ಕಾಣುವುದು ಅನ್ನ, ಸಾರು, ಚಪಾತಿ ಮಾತ್ರವಲ್ಲ. ಸೊಪ್ಪು ಬಿಡಿಸಿದ್ದು, ಉದ್ದಿನಬೇಳೆ ತೊಳೆದು ನೆನೆಹಾಕಿದ್ದು, ಹಾಲು ಕಾಯಿಸಿ ಉಕ್ಕದಂತೆ ಕಾದಿದ್ದು, ಉಳಿದ ಹುಳಿಯನ್ನು ಚಿಕ್ಕ ಪಾತ್ರೆಗೆ ಬಗ್ಗಿಸಿ ಫ್ರಿಜ್ಜಿಗಿಟ್ಟಿದ್ದು, ಗ್ಯಾಸ್ ಬುಕ್ ಮಾಡಿದ್ದು, ಕುಡಿಯುವ ನೀರು ತುಂಬಿಸಿದ್ದು, ಸಾರಿನಪುಡಿ ಡಬ್ಬಿ ತುಂಬಿಸಿದ್ದು, ಒಲೆ ಒರೆಸಿದ್ದು, ಸಿಂಕಿನ ಜಾಲರಿಯ ಮುಸುರೆ ಎತ್ತಿ ಹಸಿ ಕಸದ ಬುಟ್ಟಿಗೆ ಹಾಕಿದ್ದು, ಆ ಬುಟ್ಟಿಯನ್ನು ಬೆಳಿಗ್ಗೆ ಗಾಡಿ ಬಂದಾಗ ಕೆಳಗೆ ಕೊಂಡೊಯ್ದದ್ದು ಎಲ್ಲವೂ ಅಲ್ಲಿರುತ್ತವೆ. ಸಾಮಾನ್ಯವಾಗಿ ಮೂವತ್ತು ಬಗೆಯ ಕೆಲಸಕ್ಕೆ ಕಡಿಮೆ ಇರುವುದಿಲ್ಲ. ಈ ಹಾಳೆಯನ್ನು ಭಾನುವಾರ ಕಾಫಿ ಕುಡಿಯುವಾಗ ಓದಿ, ರಾತ್ರಿ ಸುಸ್ತಾಗಿ ಕೂತಾಗ ಬೇಡ.

ಕೆಲಸ ಹಂಚಬೇಡಿ, ಅಡುಗೆ ಹಂಚಿ

ಹಂಚಿಕೆಗೆ ನಾಲ್ಕು ದಾರಿಗಳಿವೆ.

ಒಬ್ಬರು ಅಡುಗೆ, ಇನ್ನೊಬ್ಬರು ಪಾತ್ರೆ. ಕೇಳಲು ನ್ಯಾಯವಾಗಿದೆ, ನಡೆಯುವುದು ಕಷ್ಟ. ಪಾತ್ರೆಗೆ ಕೆಲಸದವರಿದ್ದರೆ ಒಬ್ಬರ ಪಾಲು ಹೆಸರಿಗಷ್ಟೇ ಉಳಿಯುತ್ತದೆ. ಇಲ್ಲದಿದ್ದರೆ, ತಾನು ತೊಳೆಯಬೇಕಿಲ್ಲದ ಅಡುಗೆಯವರು ಒಂದು ಪಲ್ಯಕ್ಕೆ ನಾಲ್ಕು ಪಾತ್ರೆ ಎಳೆಯುತ್ತಾರೆ. ಅಡುಗೆ ನಿಜಕ್ಕೂ ಒಬ್ಬರ ಇಷ್ಟದ ಕೆಲಸವಾಗಿದ್ದರೆ ಮಾತ್ರ ಇದು ಬಾಳುತ್ತದೆ.

ಬೆಳಗಿನದು ಒಬ್ಬರದು, ರಾತ್ರಿಯದು ಇನ್ನೊಬ್ಬರದು. ಪಾಳಿ ಕೆಲಸ ಇರುವವರಿಗೆ, ಸಂಜೆ ಏಳರಿಂದ ಹತ್ತರವರೆಗೆ ಅಮೆರಿಕದವರ ಜೊತೆ ಮೀಟಿಂಗ್ ಇರುವವರಿಗೆ ಇದೇ ಸರಿ. ಆದರೆ ಬೆಳಗಿನ ಪಾಲು ಭಾರ ಎಂಬುದನ್ನು ಮರೆಯಬಾರದು. ಅದರಲ್ಲಿ ತಿಂಡಿಯೂ ಇದೆ, ಮಧ್ಯಾಹ್ನದ ಡಬ್ಬಿಯೂ ಇದೆ, ಗಡಿಯಾರವೂ ಇದೆ. ಅದಕ್ಕೆ ಸಮನಾಗಿ ರಾತ್ರಿಯವರು ತರಕಾರಿ ತರುವುದನ್ನೂ ಹಿಟ್ಟು ರುಬ್ಬುವುದನ್ನೂ ತಮ್ಮ ಪಾಲಿಗೆ ತೆಗೆದುಕೊಳ್ಳಬೇಕು.

ವಾರ ಬಿಟ್ಟು ವಾರದ ಲೆಕ್ಕ ಇಬ್ಬರೂ ಪಳಗಿದವರಾಗಿದ್ದರೆ ಚೆಂದ. ಹೊಸಬರು ಏಳು ದಿನ ಒಂದೇ ಸಮನೆ ಮಾಡಿ ಎಂಟನೆಯ ದಿನ ಕೈ ಚೆಲ್ಲುತ್ತಾರೆ.

ಉಳಿದದ್ದು ದಿನದ ಲೆಕ್ಕ: ಸೋಮ-ಬುಧ-ಶುಕ್ರ ಒಬ್ಬರು, ಮಂಗಳ-ಗುರು-ಶನಿ ಇನ್ನೊಬ್ಬರು, ಭಾನುವಾರ ಒಟ್ಟಿಗೆ ಅಥವಾ ಹೊರಗೆ. ಶುರು ಮಾಡುವವರಿಗೆ ನಮ್ಮ ಸಲಹೆ ಇದೇ. ಆದರೆ ಇದರಲ್ಲೊಂದು ಹಳ್ಳವಿದೆ, ಹೆಚ್ಚಿನವರು ಬೀಳುವುದು ಅಲ್ಲೇ. ಮಂಗಳವಾರದ ದೋಸೆಗೆ ಸೋಮವಾರವೇ ಅಕ್ಕಿ ನೆನೆಯಬೇಕು. ಸೋಮವಾರದವರು "ನನ್ನ ದಿನ ಮುಗಿಯಿತು" ಎನ್ನುತ್ತಾರೆ, ಮಂಗಳವಾರದವರು "ನನ್ನ ದಿನ ಇನ್ನೂ ಶುರುವಾಗಿಲ್ಲ" ಎನ್ನುತ್ತಾರೆ. ಕೊನೆಗೆ ಮೊದಲಿನಿಂದ ಮಾಡುತ್ತಿದ್ದವರೇ ಎದ್ದು ಹೋಗಿ ನೆನೆಹಾಕುತ್ತಾರೆ. ಅದಕ್ಕೇ ನಿಯಮ ಹೀಗಿರಲಿ: ಅಡುಗೆಯ ದಿನ ಶುರುವಾಗುವುದು ಬೆಳಿಗ್ಗೆಯಲ್ಲ, ಹಿಂದಿನ ರಾತ್ರಿ ಊಟದ ತಟ್ಟೆ ಎತ್ತಿದ ಮೇಲೆ. ಸೋಮವಾರದವರು ಊಟ ಬಡಿಸಿ, ಉಳಿದದ್ದು ಎತ್ತಿಟ್ಟು, ಒಲೆ ಕಟ್ಟೆ ಒರೆಸಿದರೆ ಅವರ ದಿನ ಮುಗಿಯಿತು. ಆ ಒರೆಸಿದ ಕಟ್ಟೆಯ ಮೇಲೆ ಮಂಗಳವಾರದವರು ಕಾಳಿನ ಪಾತ್ರೆ ಇಟ್ಟರೆ ಅವರ ದಿನ ಶುರುವಾಯಿತು. ದೋಸೆಗೆ ಮಾತ್ರ ಬೆಳಿಗ್ಗೆಯೇ ನೆನೆಸಬೇಕಾಗುತ್ತದೆ, ಆ ವಿಷಯ ಮುಂದೆ ಬರುತ್ತದೆ.

ಒಬ್ಬರ ದಿನ ಎಂದರೆ ನಾಲ್ಕೂ ತುದಿ ಅವರದೇ: ಏನು ಮಾಡುವುದೆಂದು ತೀರ್ಮಾನಿಸುವುದು, ಸಾಮಾನು ಇದೆಯೇ ನೋಡುವುದು, ಬೇಯಿಸುವುದು, ಎತ್ತಿ ಒರೆಸುವುದು. "ಏನ್ ಮಾಡ್ಲಿ ಹೇಳು, ಮಾಡ್ತೀನಿ" ಎಂದು ಕೇಳಿದರೆ ಮೊದಲ ತುದಿ ಮತ್ತೆ ಇನ್ನೊಬ್ಬರ ಕೈಗೆ ಹೋಯಿತು ಎಂದೇ ಅರ್ಥ.

ಡಬ್ಬಿಗಳು ಮಾತಾಡಲಿ

ಒಬ್ಬರೇ ಆಳಿದ ಅಡುಗೆಮನೆಯಲ್ಲಿ ಎಲ್ಲವೂ ಅವರ ಕೈಗೆ ಗೊತ್ತಿರುತ್ತದೆ, ಎಲ್ಲೂ ಬರೆದಿರುವುದಿಲ್ಲ. ಸಾರಿನಪುಡಿ ಮತ್ತು ಹುಳಿಪುಡಿ ಒಂದೇ ಬಣ್ಣ. ಮೈದಾ ಮತ್ತು ಅಕ್ಕಿಹಿಟ್ಟು ಕಣ್ಣಿಗೆ ಒಂದೇ. ಕಡಲೆಬೇಳೆ ಮತ್ತು ತೊಗರಿಬೇಳೆಯಲ್ಲಿ ವ್ಯತ್ಯಾಸ ಕಾಣದವರು ನಾವು ಎಣಿಸಿದ್ದಕ್ಕಿಂತ ಹೆಚ್ಚು ಜನ ಇದ್ದಾರೆ. ಕಡಲೆಬೇಳೆ ತುಸು ದೊಡ್ಡದು, ಮೇಲ್ಮೈ ಒರಟು. ತೊಗರಿಬೇಳೆ ಚಪ್ಪಟೆ, ನುಣುಪು. ಒಂದು ಭಾನುವಾರ ಕೂತು ಪ್ರತಿ ಡಬ್ಬಿಗೂ ಚೀಟಿ ಅಂಟಿಸಿ. ಮುಚ್ಚಳಕ್ಕೆ ಬೇಡ, ಹೊಟ್ಟೆಗೆ ಅಂಟಿಸಿ. ಮುಚ್ಚಳಗಳು ಅದಲುಬದಲಾಗುತ್ತವೆ.

ಉಪ್ಪಿನ ಡಬ್ಬಿಯಲ್ಲೂ ಎರಡೂ ಪುಡಿಗಳಲ್ಲೂ ಒಂದೇ ಅಳತೆಯ ಚಮಚ ಇಡಿ. "ಒಂದು ಹಿಡಿ", "ಸ್ವಲ್ಪ", "ಕಣ್ಣಳತೆ" ಎಂಬುವು ಹತ್ತು ವರ್ಷ ಮಾಡಿದವರ ಅಳತೆಗಳು. ನಿಮ್ಮ ಮನೆಯ ಅಳತೆಗಳನ್ನು ಒಂದು ರಟ್ಟಿನ ಮೇಲೆ ಬರೆದು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿ. ಮಾದರಿಗೆ ಹೀಗೆ:

ಅನ್ನ: ಸೋನಾ ಮಸೂರಿ 1 ಲೋಟಕ್ಕೆ ನೀರು 2½ ಲೋಟ, 3 ಕೂಗು. ಹೊಸ ಅಕ್ಕಿಗೆ ನೀರು 2 ಲೋಟ ಸಾಕು.

ಸಾರಿಗೆ ಬೇಳೆ: ¼ ಲೋಟ. ಹುಳಿಗೆ: ½ ಲೋಟ. ನೀರು ಬೇಳೆಯ ಮೂರರಷ್ಟು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ.

ಇಡ್ಲಿ: ಉದ್ದಿನಬೇಳೆ 1, ಇಡ್ಲಿ ರವೆ 2. ದೋಸೆ: ಅಕ್ಕಿ 3, ಉದ್ದಿನಬೇಳೆ 1, ಮೆಂತ್ಯ 1 ಚಮಚ, ಒಂದು ಹಿಡಿ ಅವಲಕ್ಕಿ.

ಮೊಸರು: ಅರ್ಧ ಲೀಟರ್ ಹಾಲು, ಬೆರಳು ಸಹಿಸುವ ಬಿಸಿ, ಹೆಪ್ಪು 1 ಚಮಚ. ಚಳಿಗಾಲಕ್ಕೆ 2.

ಕುಕ್ಕರ್: ಹೊಸಬರು ಮೊದಲು ಕಲಿಯಬೇಕಾದದ್ದು

ಸಾರಿಗಿಂತ ಮೊದಲು ಕುಕ್ಕರನ್ನು ಸರಿಯಾಗಿ ಕಲಿಯಬೇಕು, ಏಕೆಂದರೆ ಇಲ್ಲಿನ ತಪ್ಪು ರುಚಿ ಕೆಡಿಸುವುದಷ್ಟೇ ಅಲ್ಲ, ಮೈಯನ್ನೂ ಸುಡುತ್ತದೆ. ಮುಚ್ಚುವ ಮೊದಲು ಪ್ರತಿ ಸಲವೂ ಮುಚ್ಚಳವನ್ನು ಬೆಳಕಿಗೆ ಹಿಡಿದು, ವೆಯ್ಟ್ ಕೂರುವ ಕೊಳವೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಒಂದು ಬೇಳೆ ಸಿಪ್ಪೆ ಅಂಟಿಕೊಂಡಿದ್ದರೂ ಹಬೆಗೆ ದಾರಿಯಿಲ್ಲ. ನೇರವಾಗಿ ಬೇಳೆ ಬೇಯಿಸುವಾಗ ಅರ್ಧಕ್ಕಿಂತ ಮೇಲೆ ತುಂಬಿಸಬೇಡಿ, ಬೇಳೆ ನೊರೆಯೇಳುತ್ತದೆ. ಆ ನೊರೆ ತಗ್ಗಿಸಲೆಂದೇ ನಾಲ್ಕು ಹನಿ ಎಣ್ಣೆ.

ಅನ್ನ ಮತ್ತು ಬೇಳೆಯನ್ನು ಎರಡು ಪಾತ್ರೆಗಳಲ್ಲಿ ಒಂದರ ಮೇಲೊಂದು ಇಡುವುದಾದರೆ ಬೇಳೆ ಕೆಳಗೆ, ಅಕ್ಕಿ ಮೇಲೆ. ಪಾತ್ರೆಯೊಳಗಿನ ನೀರು ಬೇರೆ, ಕುಕ್ಕರ್ ತಳದ ನೀರು ಬೇರೆ. ತಳಕ್ಕೆ ಒಂದೂವರೆ ಲೋಟ ಬೇಕೇ ಬೇಕು. ಹೊಸಬರು ಮರೆಯುವುದು ಇದನ್ನೇ. ಐದಾರು ನಿಮಿಷವಾದರೂ ಕೂಗದೆ ಸುಟ್ಟ ಲೋಹದ ವಾಸನೆ ಬಂದರೆ ಒಲೆ ಆರಿಸಿ, ತಾನಾಗಿ ತಣಿಯಲು ಬಿಡಿ. ಮುಚ್ಚಳದ ಅಂಚಿನ ಸುತ್ತಲೂ ಹಬೆ ಸೋರಿ ಕೂಗು ಬಾರದಿದ್ದರೆ ಗ್ಯಾಸ್ಕೆಟ್ ಸಡಿಲವಾಗಿದೆ. ಅದನ್ನು ಹತ್ತು ನಿಮಿಷ ಫ್ರೀಜರಿನಲ್ಲಿಟ್ಟು ಹಾಕಿದರೆ ಆ ಹೊತ್ತಿಗೆ ಕೆಲಸ ನಡೆಯುತ್ತದೆ, ಆದರೆ ಅಂದೇ ಸಾಮಾನಿನ ಪಟ್ಟಿಯಲ್ಲಿ "ಗ್ಯಾಸ್ಕೆಟ್" ಎಂದು ಬರೆಯಿರಿ. ವೆಯ್ಟ್ ಎತ್ತಿ ಹಬೆ ಬಿಡಿಸುವ ಆತುರ ಬೇಡ. ತಾನಾಗಿ ಇಳಿಯುವ ಹತ್ತು ನಿಮಿಷದಲ್ಲೇ ಅನ್ನ ಅರಳುವುದು.

ಬೇಳೆ ಬೇಯುವುದೇ ಇಲ್ಲ ಎಂಬ ದೂರು ಬಂದರೆ ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು. ಬೇಳೆ ಹಳೆಯದಿರಬಹುದು. ಟೊಮೆಟೊ ಅಥವಾ ಹುಣಸೆರಸವನ್ನು ಬೇಳೆಯ ಜೊತೆಗೇ ಹಾಕಿರಬಹುದು, ಹುಳಿ ಸೇರಿದರೆ ಬೇಳೆಯ ಕೋಶದ ಗೋಡೆ ಕರಗದೆ ಬಿಗಿಯಾಗುತ್ತದೆ. ಮೂರನೆಯದು ನೀರು. ಬೆಂಗಳೂರಿನ ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ದಿನನಿತ್ಯದ ಗೋಳು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಬೇಳೆಯನ್ನು ಕುಡಿಯುವ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅದೇ ನೀರಿನಲ್ಲಿ ಬೇಯಿಸಿ. ಕಾವೇರಿ ನೀರಿನ ಮನೆಯಲ್ಲಿ ಬೆಳೆದು ಬೋರ್‌ವೆಲ್ ಮನೆಗೆ ಬಂದವರು ತಮ್ಮ ಕೈಗುಣವನ್ನು ಹಳಿದುಕೊಳ್ಳಬೇಕಾಗಿಲ್ಲ.

ಕಲಿಯುವ ಕ್ರಮ

ಮೊದಲ ವಾರ ಅನ್ನ, ತಿಳಿಸಾರು, ಒಂದು ಪಲ್ಯ. ಎರಡನೆಯ ವಾರ ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ ಒಗ್ಗರಣೆ. ಮೂರನೆಯ ವಾರ ಹುಳಿ, ಕೋಸಂಬರಿ. ನಾಲ್ಕರಲ್ಲಿ ದೋಸೆ. ಚಪಾತಿ, ಮುದ್ದೆ, ರೊಟ್ಟಿ ಕೈ ಪಳಗಬೇಕಾದವು, ಅವು ಎರಡನೆಯ ತಿಂಗಳಿಗಿರಲಿ. ಮೊದಲ ದಿನವೇ ಬಿರಿಯಾನಿ ಮಾಡಲು ಹೊರಡುವ ಉತ್ಸಾಹಿಗಳಿದ್ದಾರೆ. ಅಂಥವರ ಅಡುಗೆ ತಿಂಗಳಿಗೊಮ್ಮೆ ಹಬ್ಬದಂತೆ ಬಂದು ಹೋಗುತ್ತದೆ, ಮಂಗಳವಾರದ ಸಾರಿಗೆ ಯಾರೂ ಇರುವುದಿಲ್ಲ.

ಸಾರನ್ನು ಒಮ್ಮೆ ಹತ್ತಿರದಿಂದ ನೋಡೋಣ, ಉಳಿದ ಅಡುಗೆಗೂ ಇದರ ಪಾಠ ಸಾಕು. ಗೋಲಿ ಗಾತ್ರದ ಹುಣಸೆಹಣ್ಣು ಬಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆದಿರಲಿ. ಅದರ ರಸ, ಹೆಚ್ಚಿದ ಒಂದು ಟೊಮೆಟೊ, 1 ಚಮಚ ಉಪ್ಪು, ಅಡಿಕೆ ಗಾತ್ರದ ಬೆಲ್ಲ, ಕರಿಬೇವು, ಎರಡು ಲೋಟ ನೀರು ಸೇರಿಸಿ ಐದಾರು ನಿಮಿಷ ಕುದಿಸಿ. ಹುಣಸೆಯ ಹಸಿ ವಾಸನೆ ಹೋಗಿ ಟೊಮೆಟೊ ಸಿಪ್ಪೆ ಸುರುಳಿಯಾಗಿ ಮೇಲೆ ತೇಲಿದಾಗ ಒಂದೂವರೆ ಚಮಚ ಸಾರಿನಪುಡಿ ಹಾಕಿ, ಎರಡು ನಿಮಿಷ ಕುದಿಸಿ. ಆಮೇಲೆ ಮಸೆದ ಬೇಳೆ. ಬೇಳೆ ಹಾಕಿದ ಮೇಲೆ ಸಾರು ನೊರೆಯೆದ್ದು ಅಂಚಿಗೆ ಬಂದಾಗ ಒಲೆ ಆರಿಸಿ. ಇಲ್ಲಿ ಮರೆತು ಹತ್ತು ನಿಮಿಷ ಕುದಿಸಿದರೆ ಪುಡಿಯ ಘಮವೆಲ್ಲ ಅಡುಗೆಮನೆಗೆ, ಬರೀ ಖಾರ ಸಾರಿಗೆ.

ಒಗ್ಗರಣೆ: ಒಂದು ಚಮಚ ತುಪ್ಪ ಕಾದ ಮೇಲೆ ಎರಡೇ ಕಾಳು ಸಾಸಿವೆ ಹಾಕಿ ನೋಡಿ. ಅವು ಸಿಡಿದರೆ ಉಳಿದದ್ದು ಹಾಕಿ. ಸಿಡಿಯುವ ಸದ್ದು ಅರ್ಧಕ್ಕೆ ಇಳಿದಾಗ ಒಲೆ ಆರಿಸಿ, ಆ ಬಿಸಿಯಲ್ಲೇ ಒಣಮೆಣಸಿನಕಾಯಿ, ಇಂಗು, ಒರೆಸಿದ ಕರಿಬೇವು ಹಾಕಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಮೆಣಸಿನಕಾಯಿ ಕಪ್ಪಾಗುವ ಹೊತ್ತಿಗೂ ಸಾಸಿವೆ ಹಸಿಯಾಗಿ ಕಹಿಯಾಗಿರುತ್ತದೆ. ತೊಳೆದ ಕರಿಬೇವನ್ನು ಒರೆಸದೆ ಹಾಕಿದರೆ ಎಣ್ಣೆ ಮುಖಕ್ಕೆ ಹಾರುತ್ತದೆ.

ಉಪ್ಪು ಜಾಸ್ತಿಯಾದರೆ ಬೇಯಿಸಿದ ಉಪ್ಪಿಲ್ಲದ ಬೇಳೆಯನ್ನೋ ಬಿಸಿ ನೀರನ್ನೋ ಸೇರಿಸಿ, ಹುಳಿ-ಖಾರ ಸರಿಮಾಡಿ. ಆಲೂಗಡ್ಡೆ ಹಾಕಿದರೆ ಉಪ್ಪು ಹೀರುತ್ತದೆ ಎಂಬುದು ನಂಬಿಕೆಯಷ್ಟೇ. ಅದು ಹೀರುವುದು ಉಪ್ಪುನೀರನ್ನು, ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತದೆ.

ಕಲಿಸುವವರಿಗೂ ಒಂದು ಪಾಠವಿದೆ, ಇದು ಸಾರಿಗಿಂತ ಕಷ್ಟ. ಮೊದಲೆರಡು ಸಲ ಪಕ್ಕದಲ್ಲಿ ನಿಂತು ತೋರಿಸಿ, ಮೂರನೆಯ ಸಲದಿಂದ ಅಡುಗೆಮನೆಯಿಂದ ಹೊರಗೆ ಬನ್ನಿ. "ಹಾಗಲ್ಲ, ಕೊಡಿಲ್ಲಿ" ಎಂದು ಸೌಟು ಕಸಿದುಕೊಂಡ ಕ್ಷಣಕ್ಕೆ ಆ ದಿನ ಮತ್ತೆ ನಿಮ್ಮದಾಗುತ್ತದೆ. ಹುರುಳಿಕಾಯಿ ಉದ್ದುದ್ದ ಹೆಚ್ಚಿದರೂ ಬೇಯುತ್ತದೆ. ರುಚಿಯ ಬಗ್ಗೆ ಹೇಳುವುದಿದ್ದರೆ ಊಟ ಮುಗಿದ ಮೇಲೆ, ಒಂದೇ ಒಂದು ಮಾತು, ಅದೂ ಅಳತೆಯ ಮಾತಾಗಿರಲಿ: "ನಾಳೆ ಪುಡಿ ಅರ್ಧ ಚಮಚ ಕಡಿಮೆ ಹಾಕು." "ನಮ್ಮಮ್ಮ ಮಾಡೋ ಹಾಗಿಲ್ಲ" ಎಂಬುದರಿಂದ ಯಾರಿಗೂ ಏನೂ ಕಲಿಯಲಾಗದು.

ಬೆಳಗಿನ ಒಂದು ಗಂಟೆ

ಒಬ್ಬರೇ, ಎರಡು ಒಲೆಯ ಮೇಲೆ, ಡಬ್ಬಿ ಸಮೇತ. ಹಿಂದಿನ ರಾತ್ರಿ ಹದಿನೈದು ನಿಮಿಷ ಕೊಟ್ಟಿದ್ದರೆ ಇದು ನಡೆಯುತ್ತದೆ: ಹುರುಳಿಕಾಯಿ ಹೆಚ್ಚಿ ಫ್ರಿಜ್ಜಿಗೆ, ಕಾಯಿ ತುರಿದು ಡಬ್ಬಿಗೆ, ದೋಸೆಹಿಟ್ಟು ಕಟ್ಟೆಯ ಮೇಲೆ.

6:40ಕ್ಕೆ ಅಕ್ಕಿ ಬೇಳೆ ತೊಳೆದು ಕುಕ್ಕರ್ ಇಡಿ, ಪಕ್ಕದ ಒಲೆಯಲ್ಲಿ ಹಾಲು. 6:50ಕ್ಕೆ ಹಾಲಿಳಿಸಿ ಪಲ್ಯದ ಒಗ್ಗರಣೆ, ಹುರುಳಿಕಾಯಿ ಹಾಕಿ ಕಾಲು ಲೋಟ ನೀರು ಚಿಮುಕಿಸಿ ಮುಚ್ಚಿ. 7 ಗಂಟೆಗೆ ಮೂರು ಕೂಗಾಗಿರುತ್ತದೆ, ಕುಕ್ಕರ್ ಇಳಿಸಿ ಆ ಒಲೆಯ ಮೇಲೆ ಹುಣಸೆರಸ ಕುದಿಯಲು ಬಿಡಿ. 7:10ಕ್ಕೆ ಪಲ್ಯಕ್ಕೆ ಕಾಯಿತುರಿ ಹಾಕಿ ಇಳಿಸಿ, ಕಾವಲಿ ಇಡಿ. ಅಷ್ಟರಲ್ಲಿ ಕುಕ್ಕರಿನ ಹಬೆ ಇಳಿದಿರುತ್ತದೆ, ಬೇಳೆ ಮಸೆದು ಸಾರು ಮುಗಿಸಿ. 7:20ರಿಂದ ದೋಸೆ. 7:40ಕ್ಕೆ ಡಬ್ಬಿ. ಬಿಸಿ ಅನ್ನವನ್ನು ತುಂಬಿದ ತಕ್ಷಣ ಮುಚ್ಚಬೇಡಿ, ಐದು ನಿಮಿಷ ಹಬೆ ಆರಲಿ. ಇಲ್ಲದಿದ್ದರೆ ಮಧ್ಯಾಹ್ನ ಬೆವತ ಅನ್ನ.

ಈ ಒಂದು ಗಂಟೆಯಲ್ಲಿ ಇನ್ನೊಬ್ಬರು ಅಡುಗೆಮನೆಗೆ ಬರಬೇಕಿಲ್ಲ. ಮಗು ಎಬ್ಬಿಸುವುದು, ಸ್ನಾನ, ಸಮವಸ್ತ್ರ ಅವರದು.

ಹಿಟ್ಟಿನ ವಿಷಯ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ನೆನೆಹಾಕಿ, ಸಂಜೆ ಬಂದು ರುಬ್ಬಿ, ರಾತ್ರಿಯಿಡೀ ಉಬ್ಬಲು ಬಿಡುವುದು ದುಡಿಯುವವರಿಗೆ ಒಗ್ಗುವ ಕ್ರಮ. ಬೆಂಗಳೂರಿನ ಬೇಸಿಗೆಯಲ್ಲಿ ಎಂಟು ಗಂಟೆ ಸಾಕು, ಡಿಸೆಂಬರಿನಲ್ಲಿ ಹನ್ನೆರಡಾದರೂ ಬೇಕು. ಹೊರದೇಶದ ಚಳಿಯಲ್ಲಿರುವವರು ಓವನ್ನಿನ ದೀಪ ಮಾತ್ರ ಹೊತ್ತಿಸಿ ಅದರೊಳಗಿಡುತ್ತಾರೆ. ಪಾತ್ರೆಯ ಅರ್ಧಕ್ಕೆ ನಿಲ್ಲಿಸಿ, ಕೆಳಗೊಂದು ತಟ್ಟೆ ಇಡಿ. ಉಕ್ಕಿದ ಹಿಟ್ಟನ್ನು ಬೆಳಿಗ್ಗೆ ಆರೂವರೆಗೆ ಒರೆಸುವುದು ಯಾರ ಪಾಲು ಎಂಬ ಪ್ರಶ್ನೆಯೇ ಬರಬಾರದು. ವಾರಕ್ಕೊಂದು ಸಲ ರುಬ್ಬುವುದು ಭಾನುವಾರದ ಜಂಟಿ ಕೆಲಸವಾಗಲಿ. ಸೋಮವಾರ ಇಡ್ಲಿ, ಬುಧವಾರ ದೋಸೆ, ಗುರುವಾರ ಉಳಿದದ್ದಕ್ಕೆ ಈರುಳ್ಳಿ ಹಾಕಿ ಪಡ್ಡು.

ತರಕಾರಿ, ತಂಗಳು

ಇಬ್ಬರಿಗೆ ವಾರಕ್ಕೆ ಈರುಳ್ಳಿ, ಟೊಮೆಟೊ ಒಂದೊಂದು ಕೆಜಿ, ಬೇರೆ ತರಕಾರಿ ಎರಡೂವರೆ ಕೆಜಿ, ಸೊಪ್ಪು ಮೂರು ಕಟ್ಟು, ತೆಂಗಿನಕಾಯಿ ಎರಡು. ತಂದವರು ಬಳಸುವ ಕ್ರಮವನ್ನೂ ಹೇಳಿಬಿಡಲಿ: ಮೊದಲೆರಡು ದಿನ ಸೊಪ್ಪು, ನಂತರ ಬೆಂಡೆ, ಹುರುಳಿಕಾಯಿ, ಬದನೆ, ಕೊನೆಗೆ ಕೋಸು, ಕ್ಯಾರೆಟ್, ಕುಂಬಳ. ಶುಕ್ರವಾರ ಹಳದಿಯಾದ ಮೆಂತ್ಯಸೊಪ್ಪು ಸಿಕ್ಕರೆ ತಪ್ಪು ಅಡುಗೆಯವರದಲ್ಲ, ಸೊಪ್ಪು ಇದೆ ಎಂದು ಹೇಳದವರದು. ಫ್ರಿಜ್ಜಿನ ಹಾಳೆಯ ಒಂದು ಮೂಲೆಯನ್ನು "ಮುಗಿದದ್ದು" ಎಂಬುದಕ್ಕೆ ಮೀಸಲಿಡಿ. ಕೊನೆಯ ಚಮಚ ಬಳಸಿದವರೇ ಅಲ್ಲಿ ಬರೆಯಬೇಕು.

ರಾತ್ರಿ ಉಳಿದ ಅನ್ನ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಹೋಗಬೇಕು. ಅಕ್ಕಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ, ಬೆಚ್ಚಗೆ ಬಿಟ್ಟರೆ ಮೊಳೆತು ವಿಷ ಬಿಡುತ್ತವೆ. ಬೆಳಿಗ್ಗೆ ಒಗ್ಗರಣೆಯ ಬಿಸಿಗೆ ಆ ವಿಷ ಹೋಗುವುದಿಲ್ಲ. ಚಿತ್ರಾನ್ನಕ್ಕೆ ಫ್ರಿಜ್ಜಿನ ಅನ್ನವೇ ಒಳ್ಳೆಯದು, ಉದುರುದುರಾಗಿರುತ್ತದೆ.

ಅವರ ಊರಿನ ರುಚಿ, ಇವರ ಊರಿನ ರುಚಿ

ಹಾಸನದವರಿಗೆ ಮುದ್ದೆ-ಬಸ್ಸಾರು, ಧಾರವಾಡದವರಿಗೆ ಜೋಳದ ರೊಟ್ಟಿ-ಎಣ್ಣೆಗಾಯಿ, ಉಡುಪಿಯವರಿಗೆ ಬೆಲ್ಲ ಬಿದ್ದ ಕೊದ್ದೆಲು. ಇಬ್ಬರು ಎರಡು ಕಡೆಯವರಾದರೆ ದಿನದ ಲೆಕ್ಕದಲ್ಲೊಂದು ಲಾಭವಿದೆ: ಯಾರ ದಿನವೋ ಅವರ ಊರಿನ ಅಡುಗೆ. ಒಂದೇ ಹುಳಿಯಲ್ಲಿ ಇಬ್ಬರನ್ನೂ ಮೆಚ್ಚಿಸಲು ಹೋದರೆ ಅದು ಯಾರ ಊರಿನದೂ ಆಗುವುದಿಲ್ಲ. ಖಾರ ಕಡಿಮೆ ತಿನ್ನುವವರಿದ್ದರೆ ಅಡುಗೆಯನ್ನು ಅವರ ಖಾರಕ್ಕೇ ಮಾಡಿ, ಶೇಂಗಾ ಚಟ್ನಿಪುಡಿಯನ್ನೋ ಗುರೆಳ್ಳು ಪುಡಿಯನ್ನೋ ತಟ್ಟೆಯ ಪಕ್ಕಕ್ಕಿಡಿ. ಒಬ್ಬರು ಮಾಂಸ ತಿಂದು ಇನ್ನೊಬ್ಬರು ತಿನ್ನದ ಮನೆಯಲ್ಲಿ ಅದಕ್ಕೆ ಬೇರೆ ಪಾತ್ರೆ, ಬೇರೆ ಚಾಕು ಮೊದಲೇ ಗೊತ್ತುಮಾಡಿಕೊಳ್ಳಿ. ಅದನ್ನು ಬೇಯಿಸುವುದು, ತೊಳೆಯುವುದು ಎರಡೂ ತಿನ್ನುವವರದೇ.

ಅಮ್ಮ ಬಂದಾಗ

ಹಂಚಿಕೆ ಮುರಿಯುವುದು ಹೆಚ್ಚಾಗಿ ಊರಿಂದ ಹಿರಿಯರು ಬಂದ ವಾರದಲ್ಲಿ. ಮಗ ದೋಸೆ ಹುಯ್ಯುವುದನ್ನು ನೋಡಿ ತಾಯಿ "ನೀನ್ಯಾಕಪ್ಪ, ಬಿಡು ನಾನು ಮಾಡ್ತೀನಿ" ಎಂದು ಏಳುತ್ತಾರೆ. ಅತ್ತೆ ಎದ್ದ ಮೇಲೆ ಸೊಸೆ ಕೂರಲಾದೀತೇ? ಎರಡು ದಿನದಲ್ಲಿ ಹಳೆಯದೇ ವ್ಯವಸ್ಥೆ. ಇದಕ್ಕೆ ಉತ್ತರ ಕೊಡಬೇಕಾದವನು ಮಗನೇ, ಸೊಸೆಯಲ್ಲ. "ಅಮ್ಮ, ಇವತ್ತು ನನ್ನ ದಿನ. ನೀನು ಇಲ್ಲೇ ಕೂತ್ಕೊಂಡು ಈ ಅವರೆಕಾಳು ಹಿದುಕಿಕೊಡು, ನಿನ್ನ ಥರ ಹುಳಿ ಹೇಗೆ ಮಾಡೋದು ಹೇಳು." ಹಿರಿಯರಿಗೂ ಕೈಗೆ ಕೆಲಸ ಬೇಕು, ಬಾಯಿಗೆ ಮಾತು ಬೇಕು. ಅವರು ಹೇಳಿದ ಅಳತೆಯನ್ನು ಬೀರುವಿನ ರಟ್ಟಿಗೆ ಬರೆದುಕೊಳ್ಳಿ, ಹೇಗೂ ಬೇಕಾದದ್ದೇ. ಅತ್ತೆ ಬಂದರೆಂದು ದಿನ ಬದಲಿಸಬೇಡಿ. ಒಂದು ವಾರಕ್ಕೆಂದು ಬದಲಿಸಿದ್ದು ಮತ್ತೆ ಹಿಂದಕ್ಕೆ ಬರಲು ಮೂರು ತಿಂಗಳು ಹಿಡಿಯುತ್ತದೆ.

ಅಡುಗೆಗೆ ಜನ ಇಟ್ಟುಕೊಂಡರೆ ಎಲ್ಲ ಮುಗಿಯಿತು ಎಂದುಕೊಳ್ಳುವವರಿದ್ದಾರೆ. "ಅಕ್ಕಾ, ಇವತ್ತೇನು ಮಾಡ್ಲಿ?" ಎಂಬ ಪ್ರಶ್ನೆ ದಿನಾ ಹೆಂಡತಿಗೇ ಬರುತ್ತಿದ್ದರೆ ತಲೆ ಕೆಲಸ ಇದ್ದಲ್ಲೇ ಇದೆ. ಅಡುಗೆಯವರಿಗೆ ಹೇಳುವುದಕ್ಕೂ ದಿನದ ಲೆಕ್ಕವೇ ಅನ್ವಯಿಸಲಿ.

ತಪ್ಪಿದ ದಿನ

ಜ್ವರ, ತಡವಾದ ರೈಲು, ಮುಗಿಯದ ಮೀಟಿಂಗ್ ಇದ್ದದ್ದೇ. ಅದಲುಬದಲು ಮಾಡಿಕೊಳ್ಳಿ, ಆದರೆ ವಾಪಸು ಕೊಡುವ ದಿನವನ್ನು ಆಗಲೇ ಹೇಳಿ. "ಗುರುವಾರದ್ದು ಇವತ್ತು ನೀನು ಮಾಡು, ಶುಕ್ರವಾರ ನಾನು." ದಿನ ಹೇಳದ ಸಾಲ ಮರಳಿ ಬಾರದು. ಹುಷಾರಿಲ್ಲದಾಗ ಮಾತ್ರ ಲೆಕ್ಕವೇ ಬೇಡ. ಮಧ್ಯಾಹ್ನ ನಾಲ್ಕರೊಳಗೆ ಹೇಳಿದರೆ ಅದಲುಬದಲು. ಆಮೇಲೆ ಹೇಳಿದರೆ ಹೊರಗಿಂದ ತರಿಸುವುದು, ಅದನ್ನು ತರಿಸುವ ಹೊಣೆಯೂ ಆ ದಿನದವರದೇ. ಹತ್ತು ನಿಮಿಷದ ಅಡುಗೆಗೆ ದಪ್ಪ ಅವಲಕ್ಕಿ, ಹುರಿದಿಟ್ಟ ರವೆ, ವಾಂಗಿಬಾತ್ ಪುಡಿ, ಒಂದು ಪ್ಯಾಕೆಟ್ ಮೊಸರು ಯಾವತ್ತೂ ಮನೆಯಲ್ಲಿರಲಿ.

ತಿಂಗಳಿಗೊಮ್ಮೆ ಪಟ್ಟಿಯನ್ನು ಮತ್ತೆ ನೋಡಿ. ಯಾವ ಕೆಲಸದ ಪಕ್ಕ ಸದಾ ಒಂದೇ ಅಕ್ಷರ ಇದೆಯೋ ಅದನ್ನು ಮುಂದಿನ ತಿಂಗಳು ಇನ್ನೊಬ್ಬರಿಗೆ ಕೊಡಿ. ಸಾಮಾನ್ಯವಾಗಿ ಅದು ಹೆಪ್ಪು ಹಾಕುವುದೋ ಫ್ರಿಜ್ ತೊಳೆಯುವುದೋ ಆಗಿರುತ್ತದೆ.

ಹಬ್ಬದ ಹೋಳಿಗೆಗೆ ಇಬ್ಬರು

ಒಬ್ಬರಿಂದ ಆಗದ, ಇಬ್ಬರು ನಿಂತರೆ ಮಾತ್ರ ಸಲೀಸಾಗುವ ಅಡುಗೆಯೆಂದರೆ ಹೋಳಿಗೆ. ಯುಗಾದಿಗೆ ಇದನ್ನು ಹೀಗೆ ಹಂಚಿ. ಕಣಕ ಒಬ್ಬರದು: ಒಂದು ಲೋಟ ಮೈದಾ ಅಥವಾ ಚಿರೋಟಿ ರವೆ, ಚಿಟಿಕೆ ಅರಿಶಿನ, ಕೈಗೆ ಅಂಟುವಷ್ಟು ಮೆತ್ತಗೆ ಕಲಸಿ, ನಾಲ್ಕು ಚಮಚ ಎಣ್ಣೆ ಹಾಕಿ ನಾದಿ, ಎರಡು ಗಂಟೆ ಮುಚ್ಚಿಡಿ. ಹೂರಣ ಇನ್ನೊಬ್ಬರದು: ಒಂದು ಲೋಟ ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿ, ಬೆರಳಿನಲ್ಲಿ ಒತ್ತಿದರೆ ನುಣ್ಣಗಾಗುವಷ್ಟು ಬೇಯಿಸಿ. ಆದರೆ ಬೇಳೆಯ ಆಕಾರ ಉಳಿದಿರಬೇಕು. ಕುಕ್ಕರಿನಲ್ಲಿ ಹಾಕಿ ಕರಗಿಸಿದರೆ ನೀರು ಬಸಿಯುವುದೇ ಇಲ್ಲ, ಹೂರಣ ಗಟ್ಟಿಯಾಗುವುದೂ ಇಲ್ಲ. ಬಸಿದ ಬೇಳೆಗೆ ಒಂದು ಲೋಟ ಪುಡಿ ಬೆಲ್ಲ ಹಾಕಿ, ಸೌಟು ನಿಲ್ಲುವಷ್ಟು ಗಟ್ಟಿಯಾಗುವವರೆಗೆ ಮಗುಚಿ, ಏಲಕ್ಕಿ ಸೇರಿಸಿ ರುಬ್ಬಿ. ತಟ್ಟುವಾಗ ಹೂರಣ ಹೊರಬಂದರೆ ಅದು ಇನ್ನೂ ನೀರಾಗಿದೆ ಎಂದರ್ಥ, ಮತ್ತೆ ಐದು ನಿಮಿಷ ಒಲೆಯ ಮೇಲಿಡಿ. ಕಣಕ ಹರಿದರೆ ಅದು ಇನ್ನೂ ನೆನೆಯಬೇಕು.

ಒಬ್ಬರು ಬಾಳೆಲೆಯ ಮೇಲೆ ತಟ್ಟಿಕೊಡಲಿ, ಒಬ್ಬರು ಕಾವಲಿಯ ಮೇಲೆ ಬೇಯಿಸಲಿ. ಎಲೆ ಸಮೇತ ಕಾವಲಿಗೆ ಮಗುಚಿ, ಎಲೆ ತಾನಾಗಿ ಬಿಡುವವರೆಗೆ ಎಳೆಯಬೇಡಿ. ಹತ್ತು ಹೋಳಿಗೆಯಾದ ಮೇಲೆ ಜಾಗ ಬದಲಿಸಿಕೊಳ್ಳಿ, ಕಾವಲಿಯ ಮುಂದಿನ ಸೆಕೆ ಇಬ್ಬರಿಗೂ ಸಿಗಲಿ. ಬಸಿದ ಬೇಳೆಕಟ್ಟನ್ನು ಮಾತ್ರ ಸಿಂಕಿಗೆ ಚೆಲ್ಲಬೇಡಿ. ಆರಿಸಿ, ಎರಡು ಚಮಚ ಹೂರಣ ಕದಡಿ ಫ್ರಿಜ್ಜಿಗಿಟ್ಟರೆ ನಾಳಿನ ದಿನದವರಿಗೆ ಒಬ್ಬಟ್ಟಿನ ಸಾರಿಗೆ ಅರ್ಧ ಕೆಲಸ ಆಗಿಯೇ ಇರುತ್ತದೆ.